ನೋಡಿದ್ದನ್ನು ಹೇಳಲೇಬೇಕಾ?

ಅಮೆರಿಕದಲ್ಲಿ ಕೆಲಸದಲ್ಲಿರುವ ಓದುಗರೊಬ್ಬರ ಪತ್ರ: ‘ಕಳೆದ ವರ್ಷ ಆಫೀಸಿನ ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋಗಿದ್ದೆ. ಅವರ ಒತ್ತಾಯಕ್ಕೆ ಒಂದು ಸ್ಟ್ರಿಪ್ ಕ್ಲಬ್‌ಗೂ (ಹೆಣ್ಣುಮಕ್ಕಳು ಬಟ್ಟೆ ಕಳಚಿ ಕುಣಿಯುವ ಜಾಗ) ಹೋದೆ. ಎರಡು ಟೇಬಲ್ ಆಚೆ ನಮ್ಮ ಕನ್ನಡದ ನಟರೊಬ್ಬರು ಗ್ಲಾಸ್ ಹಿಡಿದು ಸುಮ್ಮನೆ ಕೂತಿದ್ದರು. ಅವರೂ ನನ್ನನ್ನು ನೋಡಿದರು ಅನಿಸುತ್ತೆ. ಈಗ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ಏರ್‌ಪೋರ್ಟಿನಿಂದ ಕರೆತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಹತ್ತಿರ ಆ ವಿಷಯ ಎತ್ತಲಾ? ಸಂಘದ ಗೆಳೆಯರಿಗೆ ಹೇಳಬಹುದಾ? ತೆರೆಯ ಮೇಲೆ ಸಂಸಾರ, ಮರ್ಯಾದೆ ಅಂತ ಮಾತಾಡುವವರು ಹೀಗಿದ್ದರೆ ಜನಕ್ಕೆ ಗೊತ್ತಾಗಬೇಡವಾ? ನಾನು ಅಲ್ಲಿಗೆ ಹೋಗಿದ್ದನ್ನು ಹೆಂಡತಿಗೂ ಇನ್ನೂ ಹೇಳಿಲ್ಲ.’

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಆ ನಟರ ಹೆಸರಿತ್ತು. ಟೈಪಿಗೆ ಕೊಡುವ ಮೊದಲು ಕಪ್ಪು ಪೆನ್ನಿನಲ್ಲಿ ಹೊಡೆದುಹಾಕಿದೆ. ನಿಮ್ಮ ಊರಿನ ಹೆಸರನ್ನೂ ತೆಗೆದೆ. ಪುಟ ಕಟ್ಟುವ ಹುಡುಗ ಹಾಳೆಯನ್ನು ಬೆಳಕಿಗೆ ಹಿಡಿದು, ‘ಯಾರು ಮೇಡಂ ಅದು?’ ಅಂತ ಎರಡು ಸಲ ಕೇಳಿದ. ಹೇಳಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಯಾರಿಗೂ ಹೇಳಬೇಡಿ. ಅವರ ಹತ್ತಿರವೂ ಎತ್ತಬೇಡಿ.

ಲಾಸ್ ವೇಗಸ್‌ನಲ್ಲಿ ಈ ಕ್ಲಬ್‌ಗಳು ಲೈಸೆನ್ಸ್ ಪಡೆದು ನಡೆಯುವ ವ್ಯಾಪಾರ. ವಯಸ್ಸಿಗೆ ಬಂದ ಮನುಷ್ಯ ದುಡ್ಡು ಕೊಟ್ಟು ಒಳಗೆ ಹೋಗಿದ್ದಾರೆ, ಕುಡಿದಿದ್ದಾರೆ, ಎದ್ದು ಬಂದಿದ್ದಾರೆ. ನೀವೂ ಅಷ್ಟೇ ಮಾಡಿದ್ದೀರಿ. ಇದರಲ್ಲಿ ಸುದ್ದಿ ಏನಿದೆ?

ಫೋಟೊ ತೆಗೆಯೋಕೆ ಫೋನ್ ಎತ್ತಿದರೆ ಬೌನ್ಸರ್ ಬಂದು ನಿಲ್ಲುವುದನ್ನು ಅಲ್ಲಿ ನೀವು ನೋಡಿರುತ್ತೀರಿ. ದೊಡ್ಡ ಮನುಷ್ಯರ ಮಾನ ಕಾಪಾಡೋಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅಲ್ಲಿ ಕುಣಿಯುವ ಹೆಣ್ಣುಮಕ್ಕಳ ಚಿಂತೆಯೇ ಜಾಸ್ತಿ. ಅಮೆರಿಕದ ಎಷ್ಟೋ ಕ್ಲಬ್‌ಗಳಲ್ಲಿ ಅವರಿಗೆ ಸಂಬಳವಿಲ್ಲ. ಆ ರಾತ್ರಿ ಕುಣಿಯೋಕೆ ಅವರೇ ಕ್ಲಬ್‌ಗೆ ಹೌಸ್ ಫೀ ಕಟ್ಟಬೇಕು. ಬಂದ ಟಿಪ್ಸ್‌ನಲ್ಲಿ ಡಿಜೆಗೆ, ಬೌನ್ಸರ್‌ಗೆ ಪಾಲು ಕೊಡಬೇಕು. ಗಿರಾಕಿ ಇಲ್ಲದ ರಾತ್ರಿ ಕೈಯಿಂದಲೇ ಹೋಗುತ್ತದೆ. ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್‌ನಲ್ಲಿ ಸ್ಟಾರ್ ಗಾರ್ಡನ್ ಅಂತ ಒಂದು ಚಿಕ್ಕ ಬಾರ್ ಇತ್ತು. ಅಲ್ಲಿನ ಡಾನ್ಸರ್‌ಗಳು ಹೋರಾಟ ಮಾಡಿ 2023ರಲ್ಲಿ ಯೂನಿಯನ್ ಕಟ್ಟಿಕೊಂಡರು. ಗಿರಾಕಿಗಳು ಕೇಳದೆ ವಿಡಿಯೊ ಮಾಡುತ್ತಾರೆ ಅನ್ನುವುದೂ ಅವರ ದೂರುಗಳಲ್ಲಿ ಒಂದಾಗಿತ್ತು. ಅವರು ಸೇರಿದ್ದು ರಂಗನಟರ ಯೂನಿಯನ್ ಆದ ಆ್ಯಕ್ಟರ್ಸ್ ಇಕ್ವಿಟಿಗೆ. ನಾಟಕದವರು ಅವರನ್ನು ತಮ್ಮವರು ಅಂತ ಸೇರಿಸಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ತುಂಬಾ ಸಂತೋಷವಾಗಿತ್ತು.

ಇಷ್ಟು ಗಟ್ಟಿಯಾಗಿ ಹೇಳೋಕೆ ನನ್ನದೇ ಒಂದು ಕಾರಣ ಇದೆ. ಸುಮಾರು 20 ವರ್ಷದ ಹಿಂದೆ, ಬೇರೊಂದು ಪತ್ರಿಕೆಯಲ್ಲಿದ್ದಾಗ, ನಾನು ನಾಲ್ಕು ಸಾಲಿನ ಗಾಸಿಪ್ ಒಂದನ್ನು ಬರೆದೆ. ಬೆಂಗಳೂರಿನ ಒಂದು ಲೈವ್ ಬ್ಯಾಂಡ್ ಬಾರ್‌ನಲ್ಲಿ ಒಬ್ಬ ನಟರು ವಾರಕ್ಕೆರಡು ಸಲ ಕಾಣಿಸುತ್ತಾರೆ, ಒಬ್ಬ ಹಾಡುಗಾರ್ತಿಯ ಟೇಬಲ್ ಹತ್ತಿರವೇ ಕೂರುತ್ತಾರೆ ಅಂತ. ಇಬ್ಬರ ಹೆಸರನ್ನೂ ಹಾಕಿರಲಿಲ್ಲ. ರಸ್ತೆಯ ಹೆಸರು ಹಾಕಿದ್ದೆ, ಆಕೆ ಯಾವಾಗಲೂ ಉಡುವ ಹಸಿರು ಸೀರೆಯ ಬಗ್ಗೆ ಬರೆದಿದ್ದೆ. ನಟರಿಗೆ ಏನೂ ಆಗಲಿಲ್ಲ, ಅವರ ಸಿನಿಮಾ ಅಂದುಕೊಂಡ ಶುಕ್ರವಾರವೇ ಬಿಡುಗಡೆಯಾಯಿತು. ಆಕೆಯ ಮನೆ ಓನರ್ ಆ ಸಾಲು ಓದಿದರು. ಅದೇ ವಾರ ಮನೆ ಖಾಲಿ ಮಾಡಿಸಿದರು. ಆಕೆ ಹೋಟೆಲಿನಲ್ಲಿ ಕೆಲಸ ಅಂತಷ್ಟೇ ಅವರಿಗೆ ಗೊತ್ತಿತ್ತಂತೆ.

ಆಕೆ ನಮ್ಮ ಆಫೀಸಿಗೆ ಬಂದರು. ಹೆಗಲ ಮೇಲೆ ಮಗುವಿನ ಸ್ಕೂಲ್ ಬ್ಯಾಗ್ ಇತ್ತು, ಕೈಯಲ್ಲಿ ನಮ್ಮ ಪತ್ರಿಕೆಯ ಆ ಪುಟ ನಾಲ್ಕು ಮಡಿಕೆಯಾಗಿತ್ತು. ಜಗಳ ಆಡಲಿಲ್ಲ. ‘ಅವರು ಬಂದಿದ್ದು ಬರೀರಿ ಅಕ್ಕ, ನನ್ನ ಸೀರೆ ಯಾಕೆ ಬರೆದ್ರಿ?’ ಅಂದರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲೆ ಟಿವಿಯಲ್ಲಿ ಲೈವ್ ಬ್ಯಾಂಡ್ ದಾಳಿಯ ಸುದ್ದಿ ಬಂದಾಗಲೆಲ್ಲ, ಹೆಣ್ಣುಮಕ್ಕಳು ವೇಲ್‌ನಲ್ಲಿ ಮುಖ ಮುಚ್ಚಿಕೊಂಡು ಕ್ಯಾಮೆರಾ ಮುಂದೆ ಓಡುವುದನ್ನು ನೋಡಿ ಚಾನೆಲ್ ಬದಲಿಸಿದ್ದೇನೆ. ಮಹಾರಾಷ್ಟ್ರದ ಡಾನ್ಸ್ ಬಾರ್‌ಗಳಲ್ಲಿ ಸಿಸಿಟಿವಿ ಕಡ್ಡಾಯ ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ರದ್ದು ಮಾಡಿತು. ಅದು ಖಾಸಗಿತನಕ್ಕೆ ಧಕ್ಕೆ ಅಂದಿತು. ಅವತ್ತೂ ನನಗೆ ಆಕೆಯೇ ನೆನಪಾದರು.

ಹಾಗಂತ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಿ ಅನ್ನುತ್ತಿಲ್ಲ. ಆ ನಟರು ಒಬ್ಬ ಹುಡುಗಿಯ ಕೈ ಹಿಡಿದು ಎಳೆದಿದ್ದರೆ ಆಗಲೇ ಬೌನ್ಸರ್‌ಗೆ ಹೇಳಬೇಕಿತ್ತು, ಬೇಕಾದರೆ ಪೊಲೀಸರಿಗೂ ಹೇಳಬೇಕಿತ್ತು. ಇನ್ನು ಕೆಲವು ಸಲ ಹೋದದ್ದೇ ಬೇರೆಯವರಿಗೆ ತೊಂದರೆ ಆಗುತ್ತದೆ. 2020ರ ಜುಲೈನಲ್ಲಿ, ಕೋವಿಡ್ ಜೋರಾಗಿದ್ದಾಗ, ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಆಟಗಾರರನ್ನು ಹೊರಗಿನವರಿಂದ ದೂರ, ಫ್ಲಾರಿಡಾದಲ್ಲಿ ಒಂದೇ ಕಡೆ ಇಟ್ಟಿದ್ದರು. ಅವರಲ್ಲೊಬ್ಬರಾದ ಲೂ ವಿಲಿಯಮ್ಸ್ ಆಪ್ತರೊಬ್ಬರ ಸಾವಿಗಾಗಿ ರಜೆ ಪಡೆದು ಅಟ್ಲಾಂಟಾಕ್ಕೆ ಹೋದರು. ಅಲ್ಲಿ ಮ್ಯಾಜಿಕ್ ಸಿಟಿ ಅನ್ನುವ ಕ್ಲಬ್‌ಗೂ ಹೋದರು. ರ‍್ಯಾಪ್ ಹಾಡುಗಾರ ಜ್ಯಾಕ್ ಹಾರ್ಲೊ ತಮ್ಮಿಬ್ಬರ ಫೋಟೊವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿ, ಆಮೇಲೆ ತೆಗೆದರು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಕೋಳಿ ರೆಕ್ಕೆ ತಿನ್ನೋಕೆ ಹೋಗಿದ್ದೆ ಅಂದರು ವಿಲಿಯಮ್ಸ್. ಆ ಕ್ಲಬ್ಬಿನ ಅಡುಗೆ ಅಷ್ಟು ಹೆಸರುವಾಸಿ, ಒಂದು ತಿನಿಸಿಗೆ ವಿಲಿಯಮ್ಸ್ ಹೆಸರೇ ಇದೆ. ಆದರೂ 10 ದಿನ ಕ್ವಾರಂಟೈನ್ ಮಾಡಿಸಿದರು, ಎರಡು ಪಂದ್ಯ ತಪ್ಪಿತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ನೂರಾರು ಜನರ ಆರೋಗ್ಯದ ಪ್ರಶ್ನೆ ಅದು.

ತೆರೆಯ ಮೇಲಿನ ಮಾತಿನ ಬಗ್ಗೆ ಕೇಳಿದ್ದೀರಿ. ಪಾತ್ರ ಆಡಿದ ಮಾತಿಗೆ ನಟರನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಅವರೇ ಓಟು ಕೇಳುತ್ತಾ, ಇಂಥ ಜಾಗಗಳನ್ನೆಲ್ಲ ಮುಚ್ಚಿಸುತ್ತೇನೆ ಅನ್ನುತ್ತಿದ್ದರೆ ಮಾತು ಬೇರೆ. ಆಗಲೂ ವರದಿಗಾರರು ಅವರನ್ನೇ ಕೇಳಿ, ಅವರ ಉತ್ತರದ ಜೊತೆ ಬರೆಯಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ವಿಷಯ ಅಲ್ಲ. ಆಸ್ಟ್ರೇಲಿಯಾದ ರಾಜಕಾರಣಿ ಕೆವಿನ್ ರಡ್ 2003ರಲ್ಲಿ ನ್ಯೂಯಾರ್ಕ್‌ನ ಸ್ಕೋರ್ಸ್ ಅನ್ನುವ ಸ್ಟ್ರಿಪ್ ಕ್ಲಬ್‌ಗೆ ಹೋಗಿದ್ದರು. ನಾಲ್ಕು ವರ್ಷದ ಮೇಲೆ, 2007ರ ಚುನಾವಣೆ ಹತ್ತಿರ ಬಂದಾಗ ಪತ್ರಿಕೆಯೊಂದು ಅದನ್ನು ಹೊರಗೆ ಹಾಕಿತು. ಜಾಸ್ತಿ ಕುಡಿದಿದ್ದೆ, ಹೆಂಡತಿಗೆ ಆಗಲೇ ಹೇಳಿದ್ದೆ ಅಂದರು ರಡ್. ಜನ ತಲೆ ಕೆಡಿಸಿಕೊಳ್ಳಲಿಲ್ಲ, ನವೆಂಬರ್‌ನಲ್ಲಿ ಗೆಲ್ಲಿಸಿ ಪ್ರಧಾನಿ ಮಾಡಿದರು.

ಏರ್‌ಪೋರ್ಟಿನಲ್ಲಿ ಹೊಸಬರನ್ನು ಕಂಡ ಹಾಗೆ ನಮಸ್ಕಾರ ಹೇಳಿ, ಬ್ಯಾಗ್ ತಗೊಳ್ಳಿ. ನಿಮ್ಮ ಗುರುತು ಹತ್ತಿ ಅವರೇ ಮಾತೆತ್ತಿದರೆ, ‘ಹೌದು ಸರ್’ ಅಂದು ರಾಜ್ಯೋತ್ಸವದ ಊಟದ ವಿಷಯಕ್ಕೆ ಬನ್ನಿ. ದೂರದ ಪ್ರಯಾಣದಿಂದ ಬಂದವರು ನಿಮ್ಮ ಕಾರಿನಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಳ್ಳುವ ಹಾಗಿರಬೇಕು.

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಬೇರೆಯವರು ಹೋಗಿದ್ದನ್ನು ಹೇಳಬಹುದಾ ಅಂತ ಎರಡು ಪುಟ ಬರೆದಿದ್ದೀರಿ, ನೀವು ಹೋಗಿದ್ದಕ್ಕೆ ಒಂದೇ ಸಾಲು. ನಿಮ್ಮ ವಿಷಯ ನಿಮ್ಮದೇ, ಅದನ್ನು ಹೇಳೋಕೆ ಯಾರ ಅಪ್ಪಣೆಯೂ ಬೇಡ. ಈ ಸಂಚಿಕೆ ನಿಮ್ಮ ಮನೆಗೂ ಬರುತ್ತೆ ಅಂತ ಬರೆದಿದ್ದೀರಲ್ಲ, ಅದಕ್ಕಿಂತ ಮೊದಲೇ ಕೂತು ಮಾತಾಡಿ. ಹೋಗಿದ್ದು ಯಾಕೆ, ಇಷ್ಟು ದಿನ ಸುಮ್ಮನಿದ್ದದ್ದು ಯಾಕೆ, ಎಲ್ಲ ಹೇಳಿ. ಅಲ್ಲಿ ಇನ್ಯಾರಿದ್ದರು ಅನ್ನುವುದೊಂದನ್ನು ಬಿಟ್ಟು.

— ಸಂ.