ರೈಲು ಎಲ್ಲಿಂದ ಹೊರಡುತ್ತದೆ, ಮೊದಲು ಅದನ್ನು ನೋಡಿ

ಕುಂದಾಪುರದ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು:

"ನನಗೆ ಮುಂಬಯಿಗೆ ವರ್ಗವಾಗಿದೆ. ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ. ನನ್ನ ಗಂಡನಿಗೆ ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿದೆ. ಜೊತೆಗೆ ಅತ್ತೆ ಮತ್ತು ನಾಲ್ಕು ವರ್ಷದ ಮಗಳು ಬರುತ್ತಾರೆ. ಡೊಂಬಿವಲಿಯಲ್ಲಿ ನೆಂಟರಿದ್ದಾರೆ, ಅಲ್ಲಿಗೇ ಬನ್ನಿ ಅಂತಾರೆ. ಬ್ರೋಕರ್ ಮೀರಾರೋಡ್ ಮತ್ತು ಉಲ್ವೆಯಲ್ಲಿ ಮನೆ ತೋರಿಸುತ್ತಿದ್ದಾರೆ. ಬಾಡಿಗೆ ನೋಡಬೇಕೋ, ದೂರ ನೋಡಬೇಕೋ ಗೊತ್ತಾಗುತ್ತಿಲ್ಲ. ಲೋಕಲ್ ಟ್ರೇನ್ ಬಗ್ಗೆ ಕೇಳಿದ್ದೆಲ್ಲ ಹೆದರಿಸುವ ಮಾತೇ. ಎಲ್ಲಿ ಮನೆ ಮಾಡಿದರೆ ದಿನಾ ನೆಮ್ಮದಿಯಿಂದ ಹೋಗಿ ಬರಬಹುದು? ಫಸ್ಟ್ ಕ್ಲಾಸ್ ಪಾಸ್ ಬೇಕೇ ಬೇಕಾ?"

ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಮುಂಬಯಿಗೆ ಹೊಸದಾಗಿ ಬರುವ ನಮ್ಮ ಜನ ಮನೆ ನೋಡುವಾಗ ಅಡುಗೆಮನೆ ನೋಡುತ್ತಾರೆ, ನೀರು ಎಷ್ಟು ಹೊತ್ತು ಬರುತ್ತದೆ ಕೇಳುತ್ತಾರೆ, ಬಾಡಿಗೆಗೆ ಚೌಕಾಸಿ ಮಾಡುತ್ತಾರೆ. ದಿನಕ್ಕೆ ಎರಡು ಮೂರು ಗಂಟೆ ಕಳೆಯಬೇಕಾದ ರೈಲಿನ ಬಗ್ಗೆ ಮಾತ್ರ "ಸ್ಟೇಷನ್ ಹತ್ತಿರಾನಾ?" ಅಂತ ಒಂದೇ ಪ್ರಶ್ನೆ. ಆ ಪ್ರಶ್ನೆ ಸಾಲದು.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಿಲೋಮೀಟರ್ ಲೆಕ್ಕ ಆಮೇಲೆ. ನೀವು ಹತ್ತುವ ಸ್ಟೇಷನ್‌ನಿಂದಲೇ ರೈಲು ಹೊರಡುತ್ತದಾ, ಅಥವಾ ಹಿಂದಿನ ಸ್ಟೇಷನ್‌ಗಳಲ್ಲಿ ತುಂಬಿಕೊಂಡು ಬರುತ್ತದಾ? ಮೊದಲು ಕೇಳಬೇಕಾದ್ದು ಇದನ್ನು. ಲೋಕಲ್ ಹೆಚ್ಚಿನ ಸ್ಟೇಷನ್‌ಗಳಲ್ಲಿ ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಇಳಿಯುವವರು ಇಳಿಯಬೇಕು, ಹತ್ತುವವರು ಹತ್ತಬೇಕು. ಖಾಲಿ ಗಾಡಿ ಬಂದರೆ ಐವತ್ತು ನಿಮಿಷದ ಪ್ರಯಾಣವೂ ಹಗುರ. ತುಂಬಿದ ಗಾಡಿಯಾದರೆ ಇಪ್ಪತ್ತೈದು ನಿಮಿಷಕ್ಕೇ ಸುಸ್ತು. ಆಫೀಸಿಗೆ ಹೋಗಿ ಕೂತ ಮೇಲೂ ಕಾಲು ನೋವು ಇಳಿಯುವುದಿಲ್ಲ.

ಈಗ ಡೊಂಬಿವಲಿ. ನಿಮ್ಮ ನೆಂಟರು ಹೇಳುವುದರಲ್ಲಿ ಅರ್ಥವಿದೆ. ಅಲ್ಲಿ ಕನ್ನಡದವರು ಜಾಸ್ತಿ. ಅತ್ತೆಗೆ ಮಾತಾಡಲು ಜನ ಸಿಗುತ್ತಾರೆ, ಹಬ್ಬ ಹರಿದಿನಕ್ಕೆ ಒಂಟಿ ಅನ್ನಿಸುವುದಿಲ್ಲ. ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಗಾಡಿ ಅಲ್ಲಿ ನಿಲ್ಲುತ್ತದೆ. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) 48 ಕಿಲೋಮೀಟರ್ ದೂರವಿದ್ದರೂ, ಕುರ್ಲಾಕ್ಕೆ ಫಾಸ್ಟ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ.

ಆದರೆ ಡೊಂಬಿವಲಿಗೆ ಬರುವ ಗಾಡಿಗಳು ಎಲ್ಲಿಂದ ಬರುತ್ತವೆ ನೋಡಿ. ಕಲ್ಯಾಣದ ಆಚೆ ಲೈನ್ ಎರಡಾಗಿ ಒಡೆಯುತ್ತದೆ. ಒಂದು ಕಸಾರಾ ಕಡೆ, ಇನ್ನೊಂದು ಕರ್ಜತ್ ಕಡೆ. ಟಿಟ್ವಾಲಾ, ಬದ್ಲಾಪುರ, ಅಂಬರ್‌ನಾಥ್, ಉಲ್ಲಾಸನಗರ, ಇಷ್ಟೂ ಊರಿನ ಜನರನ್ನು ತುಂಬಿಕೊಂಡ ಗಾಡಿ ಕಲ್ಯಾಣದಲ್ಲಿ ಇನ್ನಷ್ಟು ತುಂಬಿ ಡೊಂಬಿವಲಿಗೆ ಬರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಅಲ್ಲಿನ ಪ್ಲಾಟ್‌ಫಾರ್ಮ್ ಮೇಲೆ ನಿಂತು ನೋಡಿದರೆ ಗೊತ್ತಾಗುತ್ತದೆ. ಗಾಡಿ ಇನ್ನೂ ನಿಂತಿರುವುದಿಲ್ಲ, ಬಾಗಿಲಲ್ಲಿ ಆಗಲೇ ಜನ. ಕೆಳಗಿದ್ದವರು ಬ್ಯಾಗನ್ನು ಎದೆಗೆ ಹಾಕಿಕೊಂಡು ನಡುವಿನ ಕಂಬ ಹಿಡಿಯಲು ಕೈ ಚಾಚುತ್ತಾರೆ. ಅದು ಸಿಕ್ಕರೆ ಒಳಗೆ, ಇಲ್ಲದಿದ್ದರೆ ಮುಂದಿನ ಗಾಡಿ. ಇದಕ್ಕೇ ಎಷ್ಟೋ ಜನ ಮೊದಲು ಉಲ್ಟಾ ದಿಕ್ಕಿಗೆ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸು ಬರುತ್ತಾರೆ. ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳೂ ಇವೆ. ಆದರೆ ನಿಮ್ಮ ಇಡೀ ಬೆಳಗು ಆ ಕೆಲವು ಗಾಡಿಗಳ ಸಮಯಕ್ಕೆ ಕಟ್ಟುಬೀಳುತ್ತದೆ.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಏನಾಯಿತು ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಎದುರುಬದುರು ಬಂದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ಕೆಲವರು ಪ್ರಾಣ ಕಳೆದುಕೊಂಡರು. ಅವರೆಲ್ಲ ಕೆಲಸಕ್ಕೆ ಹೊರಟವರು. ಮುಂಬ್ರಾ ಇರುವುದು ಡೊಂಬಿವಲಿ ಮತ್ತು ಥಾಣೆಯ ನಡುವೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ "ಎಲ್ಲರೂ ಹೋಗ್ತಾರಲ್ಲ, ನೀವೂ ಅಭ್ಯಾಸ ಮಾಡ್ಕೊಳ್ಳಿ" ಅಂತ ನಾನು ಯಾರಿಗೂ ಹೇಳಲಾರೆ. ಬೇರೆ ದಾರಿ ಇರುವಾಗ ಆ ದಾರಿ ಹಿಡಿಯಬೇಕು. ನಿಮಗೆ ಇದೆ.

ಮೀರಾರೋಡ್‌ಗೂ ಹೆಚ್ಚು ಕಡಿಮೆ ಇದೇ ಮಾತು. ವಿರಾರ್, ನಾಲಾಸೋಪಾರಾ, ವಸಾಯಿ ದಾಟಿ ಬರುವ ಗಾಡಿ ಅಲ್ಲಿಗೆ ಬರುವಾಗಲೇ ಭರ್ತಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಗಂಡ ಥಾಣೆಗೆ ಹೋಗಬೇಕು. ಪಶ್ಚಿಮದ ಲೈನಿನಿಂದ ಥಾಣೆಗೆ ನೇರ ಲೋಕಲ್ ಇಲ್ಲ. ದಾದರ್‌ಗೆ ಹೋಗಿ ಲೈನ್ ಬದಲಿಸಬೇಕು, ಇಲ್ಲವೇ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ಬಸ್ ಹಿಡಿಯಬೇಕು. ಆ ಊರನ್ನು ಪಟ್ಟಿಯಿಂದ ತೆಗೆದುಬಿಡಿ.

ಉಲ್ವೆ ಬಗ್ಗೆ ಬ್ರೋಕರ್ ಬಹಳ ಉತ್ಸಾಹದಿಂದ ಮಾತಾಡಿರಬೇಕು. ಹೊಸ ವಿಮಾನ ನಿಲ್ದಾಣ ಅಲ್ಲೇ ಪಕ್ಕ, 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯೂ ಆಯಿತು. ಕಟ್ಟಡಗಳು ಹೊಸವು, ಗಾಳಿ ಬೆಳಕು ಚೆನ್ನಾಗಿದೆ. ಅಲ್ಲಿನ ಖಾರ್‌ಕೋಪರ್ ಸ್ಟೇಷನ್ 2018ರಿಂದ ಇದೆ, ಲೈನ್ 2024ರ ಜನವರಿಯಲ್ಲಿ ಉರಣ್‌ವರೆಗೂ ಹೋಯಿತು. ಎಲ್ಲ ನಿಜ. ಆದರೆ ಆ ಲೈನಿನಲ್ಲಿ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ತುಂಬ ಹೊತ್ತು ಕಾಯಬೇಕು. ಬಂದ ಮೇಲೂ ನವಿ ಮುಂಬಯಿಯ ನೆರೂಲ್ ಅಥವಾ ಬೇಲಾಪುರದಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಹೇಗೂ ಅಲ್ಲಿಗೇ ಬರಬೇಕಾದರೆ, ಅಲ್ಲಿಯೇ ಮನೆ ಮಾಡಿದರೆ ಆಗದೇ?

ನನ್ನ ಸಲಹೆಯೂ ಅದೇ. ನೆರೂಲ್ ಅಥವಾ ಬೇಲಾಪುರದಲ್ಲಿ ಮನೆ ನೋಡಿ.

ನಕ್ಷೆ ತೆಗೆದು ನೋಡಿದರೆ ನಿಮಗೇ ಅರ್ಥವಾಗುತ್ತದೆ. ಅಲ್ಲಿಂದ ಎರಡು ಲೈನ್ ಹೊರಡುತ್ತವೆ. ಒಂದು ಹಾರ್ಬರ್ ಲೈನ್. ಪನ್ವೇಲ್‌ನಿಂದ ಬೇಲಾಪುರ, ನೆರೂಲ್, ವಾಶಿ ದಾಟಿ, ಖಾಡಿಯ (ಒಳನಾಡಿಗೆ ಚಾಚಿದ ಕಡಲಿನ) ಸೇತುವೆ ಮೇಲಿಂದ ಮಾನ್‌ಖುರ್ದ್, ಚೆಂಬೂರ್, ಕುರ್ಲಾ. ಮುಂದೆ ಸಿಎಸ್‌ಎಂಟಿ. ಇದು ನಿಮಗೆ. ಇನ್ನೊಂದು ಟ್ರಾನ್ಸ್ ಹಾರ್ಬರ್. ತುರ್ಭೆ, ಕೋಪರ್‌ಖೈರಣೆ, ಘನ್ಸೋಲಿ, ಐರೋಲಿ ದಾಟಿ ಸೀದಾ ಥಾಣೆ. ಇದು ನಿಮ್ಮ ಗಂಡನಿಗೆ. ಇಬ್ಬರೂ ಒಂದೇ ಸ್ಟೇಷನ್‌ಗೆ ನಡೆದು ಹೋಗಿ, ಬೇರೆ ಬೇರೆ ಗಾಡಿ ಹತ್ತಬಹುದು. ಯಾರೂ ನಡುವೆ ಇಳಿದು ಲೈನ್ ಬದಲಿಸಬೇಕಾಗಿಲ್ಲ. ಎರಡು ಕಡೆ ಕೆಲಸ ಮಾಡುವ ಗಂಡ ಹೆಂಡತಿಗೆ ಇಂಥ ಜಾಗ ಮುಂಬಯಿ ಸುತ್ತಮುತ್ತ ಜಾಸ್ತಿ ಇಲ್ಲ.

ಹಾರ್ಬರ್ ಲೈನಿನಲ್ಲಿ ಫಾಸ್ಟ್ ಗಾಡಿ ಇಲ್ಲ, ಎಲ್ಲವೂ ಸ್ಲೋ. ಅದಕ್ಕೆ ಜನ ಮೂಗು ಮುರಿಯುತ್ತಾರೆ. ನಾನು ಅದನ್ನು ಕೊರತೆ ಅಂತ ಎಣಿಸುವುದಿಲ್ಲ. ಇಲ್ಲಿ ಹಿಂದಿನಿಂದ ತುಂಬಿ ಬರಲು ಜಾಸ್ತಿ ಊರುಗಳಿಲ್ಲ, ಪನ್ವೇಲ್‌ನಲ್ಲಿ ಲೈನೇ ಶುರು. ಬೇಲಾಪುರದಿಂದ ಹೊರಡುವ ಗಾಡಿಗಳೂ ಇವೆ, ಅದರಲ್ಲಿ ಸೀಟು ಸಿಗುತ್ತದೆ. ನೆರೂಲ್‌ನಲ್ಲಿ ಬೆಳಿಗ್ಗೆ ಸೀಟಿನ ಭರವಸೆ ಕೊಡಲಾರೆ, ಆದರೆ ಒಳಗೆ ಹೋಗಿ ನೆಟ್ಟಗೆ ನಿಲ್ಲಬಹುದು. ಸೀಟಿನಲ್ಲಿ ಕೂತವರನ್ನು "ಕಹಾಂ ಉತರೇಂಗೆ?" (ಎಲ್ಲಿ ಇಳೀತೀರಿ?) ಅಂತ ಕೇಳುವುದು ಇಲ್ಲಿಯ ಪದ್ಧತಿ. ಸಂಕೋಚ ಬೇಡ, ಕೇಳಿ. ವಾಶಿ ಅಂದರೆ ಆ ಸೀಟು ನಿಮಗೆ, ಬೇರೆಯವರು ಅದಕ್ಕೆ ತಕರಾರು ಮಾಡುವುದಿಲ್ಲ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರಲೂ ಜನ ಸರಿದು ಜಾಗ ಕೊಡುತ್ತಾರೆ. ಮಾನ್‌ಖುರ್ದ್, ಗೋವಂಡಿಯಲ್ಲಿ ಗದ್ದಲ ಜೋರಾಗುತ್ತದೆ, ನಿಜ. ಆದರೆ ಕುರ್ಲಾದಲ್ಲಿ ಲೈನ್ ಬದಲಿಸುವವರು ಬಹಳ, ಹಾಗಾಗಿ ಇಳಿಯಲು ಹೋರಾಡಬೇಕಿಲ್ಲ. ಎರಡು ಸ್ಟೇಷನ್ ಮೊದಲೇ ಬಾಗಿಲ ಕಡೆ ಸರಿಯಿರಿ, ಅಷ್ಟು ಸಾಕು.

ಮಹಿಳಾ ಡಬ್ಬಿ ಪ್ರತಿ ಗಾಡಿಯಲ್ಲೂ ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ. ಅದು ನಿಲ್ಲುವ ಜಾಗ ಪ್ಲಾಟ್‌ಫಾರ್ಮಿನಲ್ಲಿ ಗೊತ್ತಾಗುವ ಹಾಗೆ ಗುರುತು ಮಾಡಿರುತ್ತಾರೆ. ಗಾಡಿ ಬಂದ ಮೇಲೆ ಓಡಬೇಡಿ, ಮೊದಲೇ ಹೋಗಿ ನಿಲ್ಲಿ. ದಿನಾ ಒಂದೇ ಗಾಡಿ, ಒಂದೇ ಡಬ್ಬಿ ಹಿಡಿದರೆ ಬೇಗ ಪರಿಚಯವಾಗುತ್ತದೆ. ಮಗುವಿಗೆ ಜ್ವರ ಅಂದರೆ ಡಾಕ್ಟರ್ ಯಾರು ಒಳ್ಳೆಯವರು ಅಂತ ಹೇಳುವವರು, ನಿಮಗೆ ತಲೆ ಸುತ್ತಿದರೆ ಎದ್ದು ಸೀಟು ಕೊಡುವವರು ಆ ಡಬ್ಬಿಯಲ್ಲೇ ಸಿಗುತ್ತಾರೆ. ಹೊಸ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಕುರ್ಲಾದಲ್ಲಿ ಇಳಿದ ಮೇಲಿನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅಂತ ಹೆಸರಿದ್ದರೂ ಅದು ಎರಡೂ ಸ್ಟೇಷನ್‌ಗಳಿಂದ ದೂರವೇ. ಕುರ್ಲಾ ಪಶ್ಚಿಮದಲ್ಲಿ ಬೆಸ್ಟ್ (ಮುಂಬಯಿಯ ನಗರ ಸಾರಿಗೆ) ಬಸ್ ಅಥವಾ ಶೇರ್ ರಿಕ್ಷಾ ಹಿಡಿಯಬೇಕು. ಆ ರಸ್ತೆ ಇಕ್ಕಟ್ಟು, ಬೆಳಿಗ್ಗೆ ರಿಕ್ಷಾ ಸಾಲು ಉದ್ದ. ರೈಲಿಗೆ ಮುಕ್ಕಾಲು ಗಂಟೆ ಆದರೆ ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಮುಂಬಯಿಯಲ್ಲಿ "ಆಫೀಸಿಗೆ ನಲವತ್ತು ನಿಮಿಷ" ಅಂತ ಹೇಳುವವರು ಬರೀ ರೈಲಿನ ಸಮಯ ಹೇಳುತ್ತಾರೆ. ನೀವು ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿವರೆಗೆ ಎಣಿಸಿ.

ಇದೇ ಕಾರಣಕ್ಕೆ ಥಾಣೆಯ ಬಗ್ಗೆ ಒಂದು ಮಾತು. ಗಂಡನ ಆಫೀಸು ಅಲ್ಲೇ ಇರುವಾಗ ಥಾಣೆಯಲ್ಲೇ ಯಾಕೆ ಇರಬಾರದು ಅಂತ ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದೇ ಆ ಊರಿನಲ್ಲಿ. ಈಗಲೂ ಥಾಣೆಯಿಂದಲೇ ಹೊರಡುವ ಸ್ಲೋ ಗಾಡಿಗಳು ಬೇಕಾದಷ್ಟಿವೆ. ಅದರಲ್ಲಿ ಕೂತು ಅರ್ಧ ಗಂಟೆಯ ಆಚೀಚೆ ಕುರ್ಲಾ ತಲುಪಬಹುದು. ನೌಪಾಡಾದಲ್ಲಿ, ಅಥವಾ ಪೂರ್ವಕ್ಕೆ ಕೋಪ್ರಿಯಲ್ಲಿ, ನಿಮ್ಮ ಬಜೆಟ್ಟಿಗೆ ಸರಿಹೊಂದುವ ಮನೆ ಸಿಕ್ಕಿದರೆ ನೆರೂಲ್ ಮರೆತು ಅದನ್ನೇ ಹಿಡಿಯಿರಿ. ಮನೆ ಚಿಕ್ಕದಾದರೂ ಪರವಾಗಿಲ್ಲ. ಆದರೆ ಬ್ರೋಕರ್ "ಥಾಣೆ" ಅಂತ ತೋರಿಸುವುದು ಬಹುಪಾಲು ಘೋಡ್‌ಬಂದರ್ ರಸ್ತೆಯ ಮನೆಗಳನ್ನು. ಅಲ್ಲಿಂದ ಸ್ಟೇಷನ್‌ಗೆ ಬರುವ ಹೊತ್ತಿಗೆ ರೈಲಿನ ಅರ್ಧ ಗಂಟೆಯಷ್ಟೇ ಸಮಯ ರಸ್ತೆಯಲ್ಲೂ ಹೋಗಿರುತ್ತದೆ. ಆ ಮನೆಗಳು ಚೆಂದ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಮಳೆಗಾಲದ ವಿಷಯ ಕುಂದಾಪುರದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಮಳೆ ಬಂದರೆ ರೈಲು ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಸಾವಿರಾರು ಜನ ಆ ರಾತ್ರಿ ಮನೆ ಸೇರಲಿಲ್ಲ. ಅಂಥ ದಿನ ಮತ್ತೆ ಮತ್ತೆ ಬರುವುದಿಲ್ಲ. ಆದರೆ ಜೋರು ಮಳೆಯಲ್ಲಿ ಕುರ್ಲಾ, ಸಾಯನ್, ಚುನಾಭಟ್ಟಿ ಸುತ್ತ ಹಳಿ ಮೇಲೆ ನೀರು ನಿಂತು ಹಾರ್ಬರ್ ಗಾಡಿಗಳು ನಿಲ್ಲುವುದು ಇದ್ದೇ ಇದೆ. ನೆರೂಲ್‌ನಲ್ಲಿ ಮನೆ ಇದ್ದರೆ ಇನ್ನೊಂದು ದಾರಿ ಉಳಿಯುತ್ತದೆ. ಹೇಗಾದರೂ ಘಾಟ್‌ಕೋಪರ್ ಸೇರಿ, ಅಲ್ಲಿಂದ ಲೋಕಲ್‌ನಲ್ಲಿ ಥಾಣೆಗೆ ಹೋದರೆ ಟ್ರಾನ್ಸ್ ಹಾರ್ಬರ್‌ನಲ್ಲಿ ಮನೆಗೆ ಬರಬಹುದು. 2024ರಿಂದ ನಿಮ್ಮ ಆಫೀಸಿನ ಹತ್ತಿರವೇ ಮೆಟ್ರೋ ಮೂರನೇ ಲೈನಿನ ಸ್ಟೇಷನ್ ಇದೆ. ಅದರಲ್ಲಿ ಮರೋಲ್ ನಾಕಾಕ್ಕೆ ಹೋಗಿ ಒಂದನೇ ಲೈನ್ ಹಿಡಿದರೆ ಘಾಟ್‌ಕೋಪರ್. ಸುತ್ತು ಬಳಸು ದಾರಿ, ಆದರೆ ರಸ್ತೆಯಲ್ಲಿ ಮೊಣಕಾಲು ನೀರಿರುವಾಗ ಉಪಯೋಗಕ್ಕೆ ಬರುತ್ತದೆ. ಮೊದಲ ಮಳೆಗೆ ಮುಂಚೆ ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ.

ಮನೆ ನೋಡಲು ಭಾನುವಾರ ಬರಬೇಡಿ. ಭಾನುವಾರ ಹಳಿ ರಿಪೇರಿಗೆ ಮೆಗಾಬ್ಲಾಕ್ ಇರುತ್ತದೆ, ಗಾಡಿಗಳ ಸಮಯ ಏರುಪೇರು. ಜನವೂ ಕಡಿಮೆ. ಆ ದಿನ ನೋಡಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸೋಮವಾರವೋ ಮಂಗಳವಾರವೋ ಬನ್ನಿ. ಬೆಳಿಗ್ಗೆ ಎಂಟಕ್ಕೆ ಆ ಮನೆಯ ಮೆಟ್ಟಿಲಿನಿಂದ ಹೊರಟು, ನಡೆದು, ಗಾಡಿ ಹತ್ತಿ, ಆಫೀಸಿನ ಗೇಟ್ ಮುಟ್ಟಿ. ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ವಾಪಸು ಬನ್ನಿ. ಡಿಪಾಸಿಟ್ ಕೊಡುವುದು ಇದಾದ ಮೇಲೆ. ಮನೆ ಸ್ಟೇಷನ್ನಿನ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಅದನ್ನೂ ನೋಡಿ, ಅತ್ತೆ ಮಗುವನ್ನು ಕರೆದುಕೊಂಡು ಹಳಿ ದಾಟುವ ಸಬ್‌ವೇ ಮೆಟ್ಟಿಲು ಹತ್ತಿಳಿಯಬೇಕಾಗಬಹುದು. ಶುರುವಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ಸಾಕು. ಒಂದು ಮಳೆಗಾಲ ಕಳೆಯುವವರೆಗೆ ಕೊಳ್ಳುವ ಮಾತು ಬೇಡ.

ಅತ್ತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾಶಿ, ಸಾನ್‌ಪಾಡಾ, ನೆರೂಲ್ ಕಡೆ ಕನ್ನಡ, ತುಳು ಮಾತಾಡುವವರು ಸಾಕಷ್ಟಿದ್ದಾರೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೈಲು ಪನ್ವೇಲ್‌ನಲ್ಲಿ ನಿಲ್ಲುತ್ತದೆ, ಕುಂದಾಪುರದಲ್ಲೂ ನಿಲ್ಲುತ್ತದೆ. ಊರಿಗೆ ಹೋಗಬೇಕೆನಿಸಿದರೆ ಲಗೇಜು ಹೊತ್ತು ಕುರ್ಲಾ ಟರ್ಮಿನಸ್‌ವರೆಗೆ ಹೋಗುವ ಕಷ್ಟ ಅವರಿಗಿಲ್ಲ, ಲೋಕಲ್ ಹಿಡಿದು ಪನ್ವೇಲ್‌ಗೆ ಹೋದರಾಯಿತು.

ಇನ್ನು ಪಾಸ್. ಫಸ್ಟ್ ಕ್ಲಾಸ್ ಪಾಸಿನ ಬೆಲೆ ಸೆಕೆಂಡ್ ಕ್ಲಾಸಿನ ಎಷ್ಟೋ ಪಟ್ಟು. ಫಸ್ಟ್ ಕ್ಲಾಸ್ ಅಂದರೆ ಖಾಲಿ ಡಬ್ಬಿ ಅಂತಲ್ಲ, ಬೆಳಿಗ್ಗೆ ಅಲ್ಲೂ ನಿಂತೇ ಹೋಗಬೇಕು. ಮೊದಲ ತಿಂಗಳು ಸೆಕೆಂಡ್ ಕ್ಲಾಸ್ ಮಾಸಿಕ ಪಾಸ್ ತೆಗೆದುಕೊಳ್ಳಿ. ಮಹಿಳಾ ಡಬ್ಬಿಯಲ್ಲಿ ನಿಮಗೆ ಹೊಂದಿಕೆಯಾದರೆ ಆಮೇಲೆ ಮೂರು ತಿಂಗಳದ್ದು ಮಾಡಿಸಿ, ಸ್ವಲ್ಪ ದುಡ್ಡು ಉಳಿಯುತ್ತದೆ. ಆಗಲಿಲ್ಲ ಅನ್ನಿಸಿದರೆ ಆಗ ಫಸ್ಟ್ ಕ್ಲಾಸ್‌ಗೆ ಹೋಗಿ. ಪಾಸನ್ನು ಕುರ್ಲಾವರೆಗೆ ಮಾಡಿಸುವ ಬದಲು ದಾದರ್‌ವರೆಗೆ ಮಾಡಿಸಿದರೆ ಎಷ್ಟು ಜಾಸ್ತಿ ಆಗುತ್ತದೆ ಅಂತ ಕೌಂಟರಿನಲ್ಲಿ ಕೇಳಿ ನೋಡಿ. ವ್ಯತ್ಯಾಸ ಸಣ್ಣದಾದರೆ ದಾದರ್‌ವರೆಗಿನದ್ದೇ ಒಳ್ಳೆಯದು, ದಾರಿಯಲ್ಲಿ ಸಿಗುವ ಮಾಟುಂಗಾದಲ್ಲಿ ಇಳಿದು ಊರಿನ ಮಲ್ಲಿಗೆ, ಹಲಸಿನ ಹಪ್ಪಳ, ಕೆಂಪಕ್ಕಿ ತರಬಹುದು.