ರಾಗಿ ಹೊಲಕ್ಕೆ ಹಳದಿ ಬಣ್ಣ

ನೆಲಮಂಗಲ ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರ ಕೆರೆಯ ಮೇಲ್ಗಡೆ ಇರುವ 32 ಎಕರೆ ರಾಗಿ ಹೊಲವನ್ನು ವಸತಿ ವಲಯ ಮಾಡುತ್ತಾರಂತೆ. ಪೇಪರಿನಲ್ಲಿ ಪ್ರಕಟಣೆ ಬಂದಿದೆ. ಊರಿನ ಅರ್ಧ ಜನ ಬೇಡ ಅನ್ನುತ್ತಿದ್ದೇವೆ. ಹೊಲದವರು 'ನಮ್ಮ ಜಮೀನು, ನಿಮಗೇನು ಕಷ್ಟ?' ಅಂತಾರೆ. ನನ್ನ ಭಾವನೂ ಅವರ ಪೈಕಿಯೇ. ಹೋದ ಸಂಚಿಕೆಯಲ್ಲಿ ನೀವು ಬೆಂಗಳೂರಿಗೆ ಇನ್ನೂ ಮನೆಗಳು ಬೇಕು ಎಂದು ಬರೆದಿದ್ದಿರಿ. ಹಾಗಾದರೆ ನಾವು ಬಾಯಿ ಮುಚ್ಚಿಕೊಂಡಿರಬೇಕಾ?"

ಬೇಡ. ಆದರೆ ಅರಳಿಕಟ್ಟೆಯಲ್ಲಿ ಕೂತು ಕೂಗಾಡಿದರೆ ಸಾಲದು, ಬರೆದು ಕೊಡಬೇಕು.

ಮೊದಲು ನನ್ನದೊಂದು ಒಪ್ಪಿಗೆ. ನಾನೂ ಒಂದು ಕಾಲದ ರಾಗಿ ಹೊಲದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆ ಕಟ್ಟಿದ ಮೇಲೆ ಹಿತ್ತಲಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆಸಿದೆ. ಎರಡಡಿ ಕೆಳಗೆ ದುಂಡಗೆ ಜೋಡಿಸಿದ ಕಲ್ಲು ಸಿಕ್ಕಿತು. ಬಾವಿಯ ಕಟ್ಟೆ! ಅದಕ್ಕೆ ಮಣ್ಣು, ಇಟ್ಟಿಗೆ ಚೂರು ಸುರಿದು ಸೈಟು ಮಾಡಿದ್ದರು. ಈಗ ಬೇಸಿಗೆ ಬಂತೆಂದರೆ ಅದೇ ಜಾಗಕ್ಕೆ ಟ್ಯಾಂಕರ್ ನೀರು ತರಿಸುತ್ತೇನೆ. ಹಾಗಾಗಿ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

ನಿಮ್ಮ ಭಾವನ ಮೇಲೂ ನನಗೆ ಸಿಟ್ಟಿಲ್ಲ. ಮಳೆ ನಂಬಿದ ಒಂದೆರಡು ಎಕರೆ ರಾಗಿ, ಅಕ್ಕಡಿ ಸಾಲಿನ ಅವರೆ, ಇಷ್ಟರಲ್ಲಿ ಮಗಳ ಕಾಲೇಜು ಫೀಸು ಹುಟ್ಟುವುದಿಲ್ಲ. ಅವರು ಜಮೀನು ಮಾರಬಹುದು, ತಡೆಯಲು ನಾವ್ಯಾರು? ಆದರೆ ಮಾರುವ ಹಕ್ಕು ಬೇರೆ, ನಕ್ಷೆಯ ಬಣ್ಣ ಬದಲಿಸುವುದು ಬೇರೆ. ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವ್ಯವಸಾಯಕ್ಕೆ ಹಸಿರು, ವಸತಿಗೆ ಹಳದಿ. ಹಸಿರನ್ನು ಹಳದಿ ಮಾಡುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನ ಕೆಳಗೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು ಎಂದು ಅಲ್ಲೇ ಇದೆ. ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು ಎಂದೂ ಇದೆ. ಆಕ್ಷೇಪಣೆ ಹಾಕಲು ನೀವು ಜಮೀನಿನ ಮಾಲೀಕರಾಗಿರಬೇಕಿಲ್ಲ. "ನಿಮಗೇನು ಕಷ್ಟ?" ಎಂದವರಿಗೆ ಇದೇ ಉತ್ತರ.

ನೀವು ಕಳಿಸಿದ ಪ್ರಕಟಣೆಯ ತುಣುಕನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದೆ. ಟೆಂಡರ್ ಜಾಹೀರಾತುಗಳ ನಡುವೆ ಬೆಂಕಿಪೊಟ್ಟಣದಷ್ಟು ಚೌಕ. ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ ಅಂದರೆ ನಾಲ್ಕೂ ದಿಕ್ಕಿನ ಗಡಿ. ಪೂರ್ವಕ್ಕೆ 'ಹಳ್ಳ' ಅಂತ ಒಂದೇ ಪದ. ನಿಮ್ಮ ಇಡೀ ತಕರಾರು ಆ ಒಂದು ಪದದಲ್ಲಿದೆ. ಹೊಲದ ನೀರು ಆ ಹಳ್ಳಕ್ಕೆ, ಹಳ್ಳದ ನೀರು ಕೆರೆಗೆ, ಅಲ್ವಾ? ನಾಳೆ ಅಲ್ಲಿ ಮನೆಗಳು ಬಂದರೆ ಅವುಗಳ ಚರಂಡಿಗೂ ಅದೇ ದಾರಿ.

ನಿಮ್ಮ ತಾಲ್ಲೂಕಿಗೆ ಇದು ಹೊಸ ಸಂಗತಿಯಲ್ಲ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಟ್ಟಲೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಮೇಲಿನ ಕೆರೆ, ಹಳ್ಳಗಳೆಲ್ಲ ಸೊರಗಿದ ಮೇಲೆ ಅದೂ ಸೊರಗಿತು. ಅದರ ಜಲಾನಯನದಲ್ಲಿ, ಅಂದರೆ ಮಳೆನೀರು ಹರಿದು ಅದಕ್ಕೆ ಸೇರುವ ಪ್ರದೇಶದಲ್ಲಿ, ಕಟ್ಟಡಗಳಿಗೆ ಮಿತಿ ಹಾಕಿ ಸರ್ಕಾರವೇ 2003ರಲ್ಲಿ ಆದೇಶ ಹೊರಡಿಸಿತು. ನಿಮ್ಮ ಸರ್ವೆ ನಂಬರ್ ಆ ವ್ಯಾಪ್ತಿಗೆ ಬರುತ್ತದೆಯೇ ಎಂದು ಆಕ್ಷೇಪಣೆಯಲ್ಲೇ ಕೇಳಿ.

'ಹಸಿರು ಉಳಿಸಿ' ಅಂತ ಸುಮ್ನೆ ಬರೆಯಬೇಡಿ. ಅದನ್ನು ಓದಿ ಯಾರೂ ಕಡತ ತಿರುವಿ ನೋಡುವುದಿಲ್ಲ. ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ ತಂದು ಹಳ್ಳ, ಕಾಲುವೆ, ಬಂಡಿದಾರಿಗಳಿಗೆ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಅಷ್ಟು ಮನೆಗೆ ನೀರು ಎಲ್ಲಿಂದ, ಕೊಳವೆಬಾವಿಯೇ ಆದರೆ ಎಷ್ಟು, ಕೊಳಚೆ ಎಲ್ಲಿಗೆ ಎಂದು ಕೇಳಿ. ಪಹಣಿಯ 9ನೇ ಕಾಲಂ ನೋಡುವುದನ್ನು ಮರೆಯಬೇಡಿ, ಮಾಲೀಕರ ಹೆಸರು ಅಲ್ಲಿರುತ್ತದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ವ್ಯವಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು. ಬಣ್ಣ ಬದಲಿಸಿ ಎಂದು ಕೇಳುತ್ತಿರುವುದು ನಿಮ್ಮ ಭಾವನೋ, ಹಸಿರಿದ್ದಾಗ ಕಡಿಮೆಗೆ ಕೊಂಡ ಬೇರೆ ಯಾರೋ? ಎರಡನೆಯದಾದರೆ ಏರಿದ ಬೆಲೆ ಭಾವನ ಜೇಬಿಗೆ ಬರುವುದಿಲ್ಲ. ಇದನ್ನು ಮನೆಯಲ್ಲಿ, ಜಗಳವಿಲ್ಲದೆ, ಊಟದ ಹೊತ್ತಲ್ಲಿ ಹೇಳಿ ನೋಡಿ.

ಇನ್ನು ನನ್ನ ಮಾತಿಗೆ ಬರೋಣ. ಮನೆಗಳು ಬೇಕು ಎಂದು ಬರೆದದ್ದು ನಿಜ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನಾನು ಹೇಳಿದ್ದು ಮನೆ, ಸೈಟಲ್ಲ. ತುಮಕೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ. ಕಮಾನಿದೆ, ಗೇಟಿದೆ, ಬಿಳಿ ಸುಣ್ಣದ ಕಲ್ಲುಗಳಿವೆ, ಒಳಗೆ ಲಾಂಟಾನ ಬೆಳೆದಿದೆ. ಹಣ ಹೂಡಿ ಬೆಲೆ ಏರಲಿ ಎಂದು ಕಾಯುವ ಜಾಗ ಅದು. ಬಾಡಿಗೆ ಕಟ್ಟಲಾಗದವರಿಗೆ ಅದರಿಂದ ಒಂದು ಕೋಣೆಯೂ ಸಿಗಲಿಲ್ಲ. ನನ್ನ ಲೇಖನದಲ್ಲಿ ಈ ವ್ಯತ್ಯಾಸ ಹೇಳದೇ ಬಿಟ್ಟದ್ದು ತಪ್ಪೇ.

ಬಣ್ಣ ಬದಲಾದ ಮೇಲೂ ಲೇಔಟ್ ಮಂಜೂರಾತಿಯಂಥ ಹಂತಗಳಿವೆ. ಆಮೇಲೆ ನೋಡಿಕೊಳ್ಳೋಣ ಅಂದುಕೊಳ್ಳಬೇಡಿ. ನಕ್ಷೆ ಒಮ್ಮೆ ಹಳದಿಯಾದರೆ ಮುಂದಿನದೆಲ್ಲ ಜಾರುಬಂಡೆ.

ನಿಮ್ಮ ಪತ್ರ ನಮ್ಮ ಮೇಜಿಗೆ ಬರುವಷ್ಟರಲ್ಲಿ 15ರಲ್ಲಿ 6 ದಿನ ಕಳೆದಿತ್ತು. ಇದು ಅಚ್ಚಾಗುವವರೆಗೆ ಕಾಯಬೇಡಿ ಎಂದು ಅವತ್ತೇ ಫೋನ್ ಮಾಡಿ ಹೇಳಿದೆನಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರಿ ತಾನೇ? ಅದರ ಜೆರಾಕ್ಸ್ ನಮಗೂ ಒಂದು ಕಳಿಸಿ.

– ಸಂಪಾದಕ