ಕ್ಷಮೆ ಕೇಳಿದ ಮೇಲೂ ಅವರು ಮಾತಾಡದಿದ್ದರೆ ಕರ್ತನ ಭೋಜನ ತೆಗೆದುಕೊಳ್ಳಬಹುದೇ?

ಸಹೋದರಿ, ವಂದನೆಗಳು. ಕಾಯರ್‌ನಲ್ಲಿ ಜೊತೆಗೆ ಹಾಡುವವರ ಮನೆಗೆ ನೀವೇ ಹೋಗಿ ಕ್ಷಮೆ ಕೇಳಿದ್ದೀರಿ, ಅವರು ಇನ್ನೂ ಮುಖ ತಿರುಗಿಸುತ್ತಾರೆ. ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸಮಾಧಾನವಾಗು ಎನ್ನುವ ಮತ್ತಾಯ 5:23-24 ನೆನಪಾಗಿ, ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಭೋಜನದ ದಿನ ಬೆಂಚಿನಲ್ಲೇ ಕೂತುಬಿಡುತ್ತೀರಿ ಅಂದಿರಿ. ದಯವಿಟ್ಟು ಈ ಸಲ ಎದ್ದು ಹೋಗಿ.

ಯೇಸು ಆ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದು ಹೋದರೆ ಮೂರು ದಿನವಾದರೂ ಬೇಕು. ಕಾಣಿಕೆಯನ್ನು ಅಲ್ಲೇ ಬಿಟ್ಟು ಅಷ್ಟು ದೂರ ವಾಪಸ್ ಹೋಗು ಅಂದಂತಾಯಿತು! ನೀವು ಹೋಗಿದ್ದೀರಿ. ಬಾಗಿಲು ತೆರೆಯುವುದು ಅವರ ಕೈಯಲ್ಲಿದೆ. ಅದಕ್ಕೇ ರೋಮಾಪುರ 12:18ರಲ್ಲಿ ಎಲ್ಲರ ಸಂಗಡ ಸಮಾಧಾನದಿಂದಿರಿ ಅನ್ನುವಾಗ ಪೌಲನು ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಅಂತ ಸೇರಿಸಿದ್ದಾನೆ.

ಅಯೋಗ್ಯವಾಗಿ ಈ ಭೋಜನ ತೆಗೆದುಕೊಂಡರೆ ದೋಷಿಯಾಗುತ್ತಾನೆ ಎನ್ನುವ 1 ಕೊರಿಂಥ 11ಕ್ಕೆ ಹೆದರಿ ದೂರ ಉಳಿಯುವವರು ನಮ್ಮ ಸಭೆಗಳಲ್ಲಿ ಬಹಳ, ನೋಡಿದರೆ ಸಂಕಟವಾಗುತ್ತದೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಅಮಲೇರುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲ ಗದರಿದ್ದು ಅದಕ್ಕೆ. 28ನೇ ವಚನವನ್ನು ಪೂರ್ತಿ ಓದಿ: ತನ್ನನ್ನು ಪರೀಕ್ಷಿಸಿಕೊಂಡವನು ರೊಟ್ಟಿಯನ್ನು ತಿನ್ನಲಿ, ಪಾತ್ರೆಯಲ್ಲಿ ಕುಡಿಯಲಿ ಎಂದೇ ಇದೆ.

ಒಂದು ಮಾತು. ಕ್ಷಮೆ ಕೇಳುವಾಗ ‘ಆದರೆ ನೀವೂ ಹಾಗೆ ಅನ್ನಬಾರದಿತ್ತು’ ಅಂತ ಬಾಲ ಸೇರಿಸಿದ್ದರೆ, ಅದಿಲ್ಲದೆ ಇನ್ನೊಮ್ಮೆ ಕೇಳಿ. ಪ್ರಾಕ್ಟೀಸ್‌ನಲ್ಲಿ ಎಲ್ಲರೆದುರು ಬೇಡ. ಆರಾಧನೆ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಹೋಗಿ. ಸಿಕ್ಕಾಗ ವಂದನೆ ಹೇಳುವುದನ್ನು ಬಿಡಬೇಡಿ. ಭಾನುವಾರಕ್ಕೆ ಮುಂಚೆ ಪಾಸ್ಟರಿಗೂ ತಿಳಿಸಿಡಿ, ಇಬ್ಬರನ್ನೂ ಕೂರಿಸಿ ಮಾತಾಡಿಸಲು ಅವರಿಗೆ ಅನುಕೂಲವಾಗುತ್ತದೆ.